ಗರಿ ಸಿಕ್ಕರೆ ಮೊದಲು ಬಣ್ಣ ನೋಡಬೇಡಿ

ಎಲ್ಲರಿಗೂ ನಮಸ್ಕಾರ.

ಆನೆಗೊಂದಿಯ ಬಂಡೆಗಳ ನಡುವೆ, ಸಂಡೂರಿನ ಗುಡ್ಡದಲ್ಲಿ, ರಾಯಚೂರಿನ ಎರೆಹೊಲಗಳಲ್ಲಿ ಬಿದ್ದಿರುವ ಪಟ್ಟೆಪಟ್ಟೆ ಗರಿ ಕಂಡ ತಕ್ಷಣ ‘ಗಿಡುಗನದು’ ಅನ್ನುತ್ತೇವೆ. ಅದು ನವಿಲಿನದೂ ಇರಬಹುದು. ಗಂಡು ನವಿಲಿನ ರೆಕ್ಕೆಯ ಹೊದಿಕೆ ಗರಿಗಳಿಗೆ ಕಪ್ಪು-ಕೆನೆ ಅಡ್ಡಪಟ್ಟೆ ಇರುತ್ತದೆ. ಅದರ ರೆಕ್ಕೆಯ ಹೊರಭಾಗದ ಹಾರುವ ಗರಿಗಳೋ ಕಂದುಗೆಂಪು, ಥೇಟ್ ಗರುಡನದೇ ಅನ್ನಿಸುವಂಥವು. ಆದ್ದರಿಂದ ಯಾವ ಹಕ್ಕಿ ಅನ್ನುವ ಮೊದಲು, ಮೈಯ ಯಾವ ಜಾಗದ ಗರಿ ಎಂದು ಕೇಳಿಕೊಳ್ಳಿ.

ನಡುವಿನ ದಂಡನ್ನು ತಿರುಗಿಸಿ ನೋಡಿ. ಉದ್ದಕ್ಕೂ ಸಣ್ಣ ಕಾಲುವೆಯಂಥ ಗೀರು ಇರುವ ಮಗ್ಗಲೇ ಗರಿಯ ಅಡಿಭಾಗ. ಅದನ್ನು ಕೆಳಗೆ ಮಾಡಿ, ತುದಿ ನಿಮ್ಮಿಂದ ದೂರಕ್ಕಿರುವಂತೆ ಇಡಿ. ದಂಡಿನ ಒಂದು ಮಗ್ಗಲು ತೀರಾ ಕಿರಿದು, ಇನ್ನೊಂದು ಅಗಲ ಇದ್ದರೆ ಅದು ರೆಕ್ಕೆಯ ಹೊರಭಾಗದ ಪ್ರಾಥಮಿಕ ಗರಿ. ಕಿರಿದಾದ ಮಗ್ಗಲು ಬಲಕ್ಕೆ ಬಂದರೆ ಎಡರೆಕ್ಕೆ, ಎಡಕ್ಕೆ ಬಂದರೆ ಬಲರೆಕ್ಕೆ. ಎರಡರ ವ್ಯತ್ಯಾಸ ಕಡಿಮೆಯಿದ್ದು, ಗರಿ ಬಾಗಿ, ತುದಿ ದುಂಡಗಿದ್ದರೆ ರೆಕ್ಕೆಯ ಒಳಭಾಗದ್ದು. ದಂಡು ನೆಟ್ಟಗಿದ್ದು ಎರಡೂ ಮಗ್ಗಲು ಸಮನಾಗಿದ್ದರೆ ಬಾಲದ ನಡುಗರಿ.

ಹದ್ದು, ಗರುಡ, ಗಿಡುಗಗಳ ಹೊರಗಿನ ಪ್ರಾಥಮಿಕ ಗರಿಗಳು ತುದಿಯತ್ತ ಥಟ್ಟನೆ ಕಿರಿದಾಗುತ್ತವೆ. ಹಾರುವಾಗ ರೆಕ್ಕೆತುದಿ ಬೆರಳುಗಳಾಗಿ ಬಿಡಿಸಿಕೊಳ್ಳುವುದು ಈ ಕಚ್ಚಿನಿಂದ. ಚಾಣಗಳಲ್ಲಿ (ಫಾಲ್ಕನ್) ತೀರಾ ಹೊರಗಿನ ಒಂದೆರಡು ಗರಿಗಳಿಗಷ್ಟೇ ಕಚ್ಚು. ಆದರೆ ಕಚ್ಚೊಂದನ್ನೇ ನಂಬಿ ಕೂರಬೇಡಿ. ಕಾಗೆಗೂ ಇದೆ, ಕೊಕ್ಕರೆಗೂ ಇದೆ. ನವಿಲಿನ ಹಾರುವ ಗರಿಯ ದಂಡು ಬಿಲ್ಲಿನಂತೆ ಬಾಗಿರುತ್ತದೆ. ಗರುಡನದು ಅಷ್ಟು ಬಾಗುವುದಿಲ್ಲ, ಹೊರಗಿನ ಗರಿಗಳ ತುದಿಯೂ ಕಪ್ಪು.

ಇನ್ನು ಅಳತೆ. ಬುಡದ ತುದಿಯಿಂದ ಮೇಲಿನ ತುದಿಯವರೆಗೆ, ಗರಿಯನ್ನು ಸ್ಕೇಲಿನ ಮೇಲೆ ಮೆಲ್ಲಗೆ ನೇರ ಮಾಡಿ ಅಳೆಯಿರಿ. ಊರಹದ್ದಿನ ಉದ್ದನೆಯ ಪ್ರಾಥಮಿಕ ಗರಿ 30 ಸೆಂ.ಮೀ. ದಾಟುತ್ತದೆ. ಶಿಕ್ರಾ ಎಂಬ ಪುಟ್ಟ ಗಿಡುಗದ ಬಾಲಗರಿ 15 ಸೆಂ.ಮೀ. ಆಸುಪಾಸು. ಹದ್ದಿನ ಬಾಲ ಕವಲಾಗಿರುವುದರಿಂದ ಅಂಚಿನ ಗರಿಗಳೇ ಎಲ್ಲಕ್ಕಿಂತ ಉದ್ದ. ಶಿಕ್ರಾ ಎಂದು ತಪ್ಪು ತಿಳಿಯುವ ಇನ್ನೊಂದು ಗರಿ ಹೆಣ್ಣು ಕೋಗಿಲೆಯದು. ಶಿಕ್ರಾದಲ್ಲಿ ತಿಳಿ ಬಣ್ಣದ ಮೇಲೆ ಕಡುಪಟ್ಟೆ. ಕೋಗಿಲೆಯಲ್ಲಿ ಕಡುಕಂದಿನ ಮೇಲೆ ಬಿಳಿಪಟ್ಟೆ.

ನಮ್ಮ ಬಂಡೆಗುಡ್ಡಗಳಲ್ಲಿ ಕೊಂಬಿನ ಗೂಬೆಯ ಗರಿಯೂ ಸಿಗುತ್ತದೆ. ಅದನ್ನು ಗುರುತಿಸಲು ಬೆರಳು ಸಾಕು. ಮೇಲ್ಮೈ ಮಖಮಲ್ಲಿನಷ್ಟು ಮೆತ್ತಗೆ, ಹಿಂದಿನ ಅಂಚು ಬಿಡಿಬಿಡಿ ನೂಲು. ತೀರಾ ಹೊರಗಿನ ಪ್ರಾಥಮಿಕ ಗರಿಯ ಮುಂದಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳ ಸಾಲಿರುತ್ತದೆ. ಇಲ್ಲಿ ಒಂದು ಎಚ್ಚರಿಕೆ. ಮೆಲನಿನ್ ಎಂಬ ಬಣ್ಣದ ವಸ್ತು ಇರುವ ಕಪ್ಪು ಭಾಗ ಗಟ್ಟಿ, ಬಿಳಿ ಭಾಗ ಬೇಗ ಸವೆಯುತ್ತದೆ. ಹಳೆಯ ಗರಿಯ ಅಂಚಿನ ಬಿಳಿಚುಕ್ಕೆಗಳು ಉದುರಿ ಗರಗಸದಂತಾದರೆ ಗೂಬೆಯ ಹಲ್ಲೆಂದು ಮೋಸಹೋಗುತ್ತೇವೆ. ಗೂಬೆಯ ಹಲ್ಲುಗಳು ಒತ್ತೊತ್ತಾಗಿ, ಒಂದೇ ಅಂತರದಲ್ಲಿರುತ್ತವೆ. ಸವೆತದ ಕಚ್ಚುಗಳು ಹಾಗಿರುವುದಿಲ್ಲ. ನಮ್ಮ ಬಿಸಿಲಿಗೆ ಕಂದುಬಣ್ಣವೂ ಮಾಸಿ ತಿಳಿಯಾಗುತ್ತದೆ. ಬಣ್ಣ ಕೊನೆಗಿರಲಿ ಅನ್ನುವುದಕ್ಕೆ ಇದೂ ಒಂದು ಕಾರಣ.

ಗರಿಯನ್ನು ಮನೆಗೆ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕಾಡುಹಕ್ಕಿಯ ಗರಿಯೂ ‘ಟ್ರೋಫಿ’ಯೇ (ಕಾಡುಪ್ರಾಣಿಯ ದೇಹದ ಭಾಗ), ವಿನಾಯಿತಿ ಇರುವುದು ನವಿಲಿನ ಬಾಲಗರಿಗೆ. ಬಿಳಿ ಹಾಳೆಯ ಮೇಲೆ ಸ್ಕೇಲಿಟ್ಟು, ನೆರಳಿನಲ್ಲಿ, ಎರಡೂ ಮಗ್ಗಲಿನ ಫೋಟೋ ತೆಗೆದು ಅಲ್ಲೇ ಬಿಡಿ, ಕೈ ತೊಳೆಯಿರಿ. ಫೋಟೋವನ್ನು ಹೋಲಿಸಿ ನೋಡಲು ಫೆದರ್ ಲೈಬ್ರರಿ ಎಂಬ ಭಾರತೀಯ ಜಾಲತಾಣವಿದೆ.

ಒಂದೊಂದು ಗರಿ ಗುಂಪಿನವರೆಗೆ ಮಾತ್ರ ಕರೆದೊಯ್ಯುತ್ತದೆ. ಚಳಿಗಾಲದಲ್ಲಿ ನಮ್ಮ ಹೊಲಗಳಿಗೆ ಬರುವ ಸೆಳೆವ (ಹ್ಯಾರಿಯರ್) ಎಂಬ ಬೇಟೆಹಕ್ಕಿಗಳಲ್ಲಿ ಮಸುಕು ಸೆಳೆವ, ಮಾಂಟೆಗು ಸೆಳೆವಗಳ ಹೆಣ್ಣುಗಳನ್ನು ಹಾರುವಾಗ ಬೇರ್ಪಡಿಸುವುದೇ ಕಷ್ಟ. ಅಂಥ ಸವೆದ ಗರಿ ಸಿಕ್ಕರೆ ‘ಸೆಳೆವ, ಎಡರೆಕ್ಕೆ, ಪ್ರಾಥಮಿಕ’ ಎಂದಷ್ಟೇ ಬರೆದು, ತಾರೀಕು, ಜಾಗ ನಮೂದಿಸಿ.