ಮೊದಲು ಒಂದು ತಪ್ಪು ಉತ್ತರ

ನಮಸ್ಕಾರ ಕೇಳುಗರೇ.

ಶಾಲೆಯಲ್ಲಿ ಲೆಕ್ಕದ ಉತ್ತರ ಊಹಿಸಿ ಬರೆದು ಬೈಸಿಕೊಂಡವರಲ್ಲಿ ನಾನೂ ಒಬ್ಬ. "ಸುಮ್ನೆ ಬಾಯಿಗೆ ಬಂದದ್ದು ಹೇಳಬೇಡ, ಲೆಕ್ಕ ಮಾಡು" ಎಂದಿದ್ದರು ಮೇಷ್ಟ್ರು. ಊಹೆಯಿಂದಲೂ ಲೆಕ್ಕ ಮಾಡಬಹುದು ಅಂತ ಗೊತ್ತಾಗಿದ್ದು ತುಂಬಾ ತಡವಾಗಿ.

ಒಂದು ಒಗಟು ಹೇಳುತ್ತೇನೆ. ಒಂದು ಸಂಖ್ಯೆ ಇದೆ. ಅದಕ್ಕೆ ಅದರದೇ ಕಾಲು ಭಾಗ ಸೇರಿಸಿದರೆ 15 ಆಗುತ್ತದೆ. ಯಾವುದದು? ಕಾಗದ, ಪೆನ್ನು ಹುಡುಕಬೇಡಿ. ಬಾಯಿಗೆ ಬಂದದ್ದು ಹೇಳಿ. 4 ಅಂತೀರಾ? ಸರಿ. ನಾಲ್ಕರ ಕಾಲು ಭಾಗ ಒಂದು. ಸೇರಿಸಿದರೆ 5. ಬೇಕಿದ್ದು 15. ತಪ್ಪಾಯಿತು. ಆದರೆ ಎಷ್ಟು ತಪ್ಪಾಯಿತು ನೋಡಿ. ಬೇಕಿದ್ದರಲ್ಲಿ ಸರಿಯಾಗಿ ಮೂರನೇ ಒಂದು ಭಾಗ ಬಂದಿದೆ. ಹಾಗಾದರೆ ಆ 4ನ್ನೇ ಮೂರು ಪಟ್ಟು ಮಾಡಿ. 12. ಅದರ ಕಾಲು 3. ಒಟ್ಟು 15!

ಈ ಒಗಟು ನನ್ನದಲ್ಲ. ಸುಮಾರು 3,500 ವರ್ಷಗಳ ಹಿಂದೆ ಈಜಿಪ್ಟಿನಲ್ಲಿ ಆಹ್ಮೆಸ್ ಎಂಬ ಲಿಪಿಕಾರ ಪಪೈರಸ್ ಸುರುಳಿಯಲ್ಲಿ ನಕಲು ಮಾಡಿಟ್ಟದ್ದು. ಅಲ್ಲೂ 4ರಿಂದಲೇ ಶುರು. 4 ಯಾಕೆ? ಕಾಲು ಭಾಗ ತೆಗೆಯಲು ಸುಲಭ, ಅಷ್ಟೇ. ಭಾಸ್ಕರಾಚಾರ್ಯರು 1150ರ 'ಲೀಲಾವತಿ'ಯಲ್ಲಿ ಇಂಥದೇ ಉಪಾಯವನ್ನು ಇಷ್ಟಕರ್ಮ ಎಂದು ಕರೆದರು. ಇಷ್ಟ ಬಂದ ಸಂಖ್ಯೆ ಇಟ್ಟುಕೊಂಡು ಶುರು ಮಾಡಿ ಅಂತ. ಹೆಸರೇ ಎಷ್ಟು ಚೆನ್ನಾಗಿದೆ, ಅಲ್ವಾ?

ಎಲ್ಲ ಕಡೆ ಇದು ನಡೆಯದು. ಒಗಟಿನ ಕೊನೆಗೆ "ಇನ್ನೊಂದು 5 ಸೇರಿಸಿ" ಎಂದುಬಿಟ್ಟರೆ ಬರೀ ಪಟ್ಟು ಹಾಕಿ ಗೆಲ್ಲಲಾಗದು. ಆಗ ಎರಡು ಊಹೆ ಮಾಡಿ, ಯಾವುದು ಎಷ್ಟು ತಪ್ಪಿತು ಎಂದು ತಾಳೆ ನೋಡಬೇಕು.

ಹಾಗಂತ ಕತ್ತಲಲ್ಲಿ ಕಲ್ಲು ತೂರಿದ ಹಾಗೆ ಊಹಿಸುವುದೂ ಬೇಡ. 1ರಿಂದ 100ರೊಳಗೆ ನಾನೊಂದು ಸಂಖ್ಯೆ ನೆನೆದಿದ್ದೇನೆ ಅನ್ನಿ. ನೀವು ಹೇಳಿದ್ದಕ್ಕಿಂತ ನನ್ನ ಸಂಖ್ಯೆ ಜಾಸ್ತಿಯೋ ಕಡಿಮೆಯೋ ಅಂತ ಮಾತ್ರ ಹೇಳುತ್ತೇನೆ. ನೀವು 87 ಅಂದಿರಿ. ನಾನು "ಕಡಿಮೆ" ಎಂದೆ. ಪಟ್ಟಿಯಿಂದ ಹೋದದ್ದು ಬರೀ 14 ಸಂಖ್ಯೆ. ಅದೇ 50 ಎಂದಿದ್ದರೆ? ನಾನು ಏನೇ ಹೇಳಲಿ, ಒಂದೇ ಏಟಿಗೆ ಅರ್ಧ ಖಾಲಿ. ಉಳಿದದ್ದರ ನಡುವಿಗೆ ಮತ್ತೆ ಕೈ ಹಾಕಿ. 7 ಊಹೆಯೊಳಗೆ ನಾನು ಸಿಕ್ಕಿಬೀಳುತ್ತೇನೆ. ಆಟ 1,000ದವರೆಗೆ ಹೋದರೂ 10 ಸಾಕು.

ಹೊರಡುವ ಮುನ್ನ ಇನ್ನೊಂದು ಒಗಟು. ಒಂದು ಸಂಖ್ಯೆಗೆ ಅದರ ಐದನೇ ಒಂದು ಭಾಗ ಸೇರಿಸಿದರೆ 42. ಯಾವುದದು? 5ರಿಂದ ಶುರು ಮಾಡಿ. ತಪ್ಪುತ್ತದೆ, ತಪ್ಪಲಿ ಬಿಡಿ. ನಮಸ್ಕಾರ.