ನ್ಯೂಜೆರ್ಸಿಗೆ ಲಾಯರ್ ಇದ್ದಾರೆ, ತೂಬರಹಳ್ಳಿಗೆ ಯಾರಿದ್ದಾರೆ?

ನಮಸ್ಕಾರ. 2025ರ ಸೆಪ್ಟೆಂಬರ್ 20ರ ಶನಿವಾರ ನೆನಪಿದೆಯಾ? ಮಾರನೇ ದಿನ ಮಹಾಲಯ ಅಮಾವಾಸ್ಯೆ, ಸೋಮವಾರದಿಂದ ನವರಾತ್ರಿ. ಹಬ್ಬಕ್ಕೆ ಅಂತ ಅಮೆರಿಕದಿಂದ ಮಕ್ಕಳು ಬಂದಿದ್ದ ಮನೆಗಳಲ್ಲೆಲ್ಲ ಆವತ್ತು ಒಂದೇ ಗಾಬರಿ. ಅಲ್ಲಿ ಕೆಲಸ ಮಾಡೋಕೆ ಬೇಕಾದ ಎಚ್-1ಬಿ ವೀಸಾದ ಅರ್ಜಿಗೆ 1 ಲಕ್ಷ ಡಾಲರ್ ಕಟ್ಟಬೇಕು ಅಂತ ಟ್ರಂಪ್ ಸಹಿ ಹಾಕಿಬಿಟ್ಟಿದ್ದರು. ಈಗಾಗಲೇ ವೀಸಾ ಇರೋರಿಗೂ ಇದು ತಗಲುತ್ತಾ ಇಲ್ವಾ ಅನ್ನೋದೇ ಯಾರಿಗೂ ಗೊತ್ತಿಲ್ಲ. ಭಾನುವಾರದೊಳಗೆ ವಾಪಸ್ ಬಂದುಬಿಡಿ ಅಂತ ದೊಡ್ಡ ಕಂಪನಿಗಳಿಂದ ಮೇಲ್ ಬೇರೆ. ಹೊಸ ಅರ್ಜಿಗಳಿಗೆ ಮಾತ್ರ ಅಂತ ಆಮೇಲೆ ತಿಳೀತು, ಅದಿರಲಿ.

ಆ ಎರಡು ದಿನ ಆ ಮನೆಗಳಲ್ಲಿ ಎಲ್ಲರೂ ಕೇಳ್ತಿದ್ದ ಪ್ರಶ್ನೆ ಒಂದೇ: ಲಾಯರ್ ಏನಂದ್ರು? ಬೆಂಗಳೂರಿನ ಮಧ್ಯಮ ವರ್ಗಕ್ಕೆ ಇಮಿಗ್ರೇಷನ್ ಲಾಯರ್ ಅಂದರೆ ಹೊಸದೇನಲ್ಲ. ಗ್ರೀನ್ ಕಾರ್ಡಿಗೆ ಅಂತ ಕಂಪನಿ ಹಾಕೋ ಐ-140 ಅರ್ಜಿ ಅಂದರೆ ಏನು ಅಂತ ಜಯನಗರದ ಅಜ್ಜಿಗೂ ಗೊತ್ತು. ಬೇರೆ ದೇಶದಲ್ಲಿ ಬದುಕೋ ಮನುಷ್ಯ ಅಲ್ಲಿನ ಕಾನೂನಿನ ಮುಂದೆ ಒಬ್ಬನೇ ನಿಲ್ಲಬಾರದು, ಪಕ್ಕದಲ್ಲಿ ತಿಳಿದವರೊಬ್ಬರು ಇರಬೇಕು ಅನ್ನೋದನ್ನ ನಾವು ಚೆನ್ನಾಗಿ ಅರ್ಥ ಮಾಡ್ಕೊಂಡಿದ್ದೀವಿ. ಫೀಸು ಕಂಪನಿ ಕಟ್ಟುತ್ತೆ, ಆ ಮಾತು ಬೇರೆ.

ಈಗ ಅದೇ ಕಂಪನಿಗಳ ಕಟ್ಟಡದ ಹಿಂಭಾಗಕ್ಕೆ ಬನ್ನಿ. ಬೆಂಗಳೂರಿನ ವೈಟ್‌ಫೀಲ್ಡ್ ಹತ್ತಿರದ ತೂಬರಹಳ್ಳಿ, ಕುಂದಲಹಳ್ಳಿ ಕಡೆ. ತಗಡು, ನೀಲಿ ಟಾರ್ಪಾಲಿನ ಶೆಡ್ಡುಗಳು. ನಾವು ಮನೇಲಿ ಹಸಿ ಕಸ, ಒಣ ಕಸ ಅಂತ ಬೇರೆ ಮಾಡಿ ಕೊಟ್ಟು ಕೈ ತೊಳ್ಕೋತೀವಲ್ಲ, ಅದನ್ನ ಇನ್ನೊಂದು ಸಲ ಕೈಯಲ್ಲೇ ವಿಂಗಡಿಸೋ ಜನ ಇಲ್ಲಿದ್ದಾರೆ. ಹೆಚ್ಚಿನವರು ಬಂಗಾಳಿ ಮಾತಾಡೋರು. ಪಶ್ಚಿಮ ಬಂಗಾಳದವರಿದ್ದಾರೆ, ಅಸ್ಸಾಮಿನವರಿದ್ದಾರೆ. ಗಡಿ ದಾಟಿ ಬಂದವರೂ ಇರಬಹುದು, ಇಲ್ಲ ಅಂತ ನಾನು ವಾದ ಮಾಡಲ್ಲ. ಮಾತು ಕೇಳಿ ಯಾರು ಎಲ್ಲಿಯವರು ಅಂತ ಹೇಳೋಕೆ ಮಾತ್ರ ನಿಮಗೂ ಆಗಲ್ಲ, ನನಗೂ ಆಗಲ್ಲ, ಠಾಣೆಯಲ್ಲಿ ಕೂತವರಿಗೂ ಆಗಲ್ಲ.

2022ರ ಜುಲೈನಲ್ಲಿ ಹೀಗೇ ಕಸ ವಿಂಗಡಿಸೋ ಕೆಲಸಕ್ಕೆ ಅಂತ ಪಶ್ಚಿಮ ಬಂಗಾಳದಿಂದ ಬಂದಿದ್ದ ಗಂಡ ಹೆಂಡತಿಯನ್ನ ಬಾಂಗ್ಲಾದೇಶದವರು ಅಂತ ಹಿಡಿದರು. ಜೊತೆಗೆ ಪುಟ್ಟ ಮಗು. ಆಧಾರ್ ಇತ್ತು, ವೋಟರ್ ಕಾರ್ಡ್ ಇತ್ತು. ಅವರು ಜೈಲಿಂದ ಹೊರಗೆ ಬಂದಿದ್ದು 2023ರ ಮೇನಲ್ಲಿ. 301 ದಿನ. ಪತ್ರಿಕೆಗಳಲ್ಲೆಲ್ಲ ಬಂದ ಸುದ್ದಿ ಇದು. ನನ್ನ ತಲೆಯಲ್ಲಿ ಇವತ್ತಿಗೂ ಕೊರೆಯೋದು ಆ 301ರಲ್ಲಿ ಕೊನೆಯ ಕೆಲವು ವಾರ. ಕೋರ್ಟು ಜಾಮೀನು ಕೊಟ್ಟಾಗಿತ್ತು. ಆದರೂ ಒಳಗೇ ಇದ್ದರು. ಯಾಕೆ? ಸ್ಥಳೀಯ ಶ್ಯೂರಿಟಿ, ಅಂದರೆ ಇಲ್ಲೇ ಆಸ್ತಿ ಇರೋ ಜಾಮೀನುದಾರ ಸಿಗಲಿಲ್ಲ. ಬೆಂಗಳೂರಲ್ಲಿ ಅವರಿಗೆ ಗೊತ್ತಿರೋರು ಯಾರು? ಗುಜರಿ ಅಂಗಡಿ ಮಾಲೀಕ, ಶೆಡ್ಡಿನ ಬಾಡಿಗೆ ವಸೂಲಿ ಮಾಡೋನು. ಪಹಣಿ ಹಿಡ್ಕೊಂಡು ಕೋರ್ಟಿಗೆ ಬಂದು ಇವರಿಗೆ ನಾನು ಜವಾಬ್ದಾರಿ ಅಂತ ಸಹಿ ಹಾಕೋದು ಅವರಲ್ಲಿ ಯಾರು ಹೇಳಿ?

ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1978ರಲ್ಲೇ ಇದನ್ನ ಕೇಳಿದ್ದರು. ಮಧ್ಯಪ್ರದೇಶದ ಒಬ್ಬ ಬಡ ಗಾರೆ ಮೇಸ್ತ್ರಿಗೆ ಜಾಮೀನು ಸಿಕ್ಕಿತ್ತು. ಆದರೆ ಮ್ಯಾಜಿಸ್ಟ್ರೇಟರು 10,000 ರೂಪಾಯಿ ಶ್ಯೂರಿಟಿ ಕೇಳಿದ್ದರು, ಅದೂ ಆವತ್ತಿನ 10,000. ಸಹೋದರ ನಿಲ್ತೀನಿ ಅಂದರೆ ನಿನ್ನ ಆಸ್ತಿ ಬೇರೆ ಜಿಲ್ಲೇಲಿದೆ, ನಡೆಯಲ್ಲ ಅಂದರು. ತೀರ್ಪಿನಲ್ಲಿ ಕೃಷ್ಣ ಅಯ್ಯರ್ ಕೇಳ್ತಾರೆ: ಒಬ್ಬ ಮಲಯಾಳಿಯೋ, ಕನ್ನಡಿಗನೋ ಬಸ್ತಾರಿನಲ್ಲೋ ಚಾಂದನಿ ಚೌಕದಲ್ಲೋ ಅರೆಸ್ಟ್ ಆದರೆ ಅಲ್ಲಿ ಆಸ್ತಿ ಇರೋ ಜಾಮೀನುದಾರನನ್ನ ಎಲ್ಲಿಂದ ತರ್ತಾನೆ? ಕನ್ನಡಿಗನ ಹೆಸರು ಹೇಳಿಯೇ ಕೇಳಿದ್ದಾರೆ. 2023ರ ಜನವರಿ 31ಕ್ಕೆ ಸುಪ್ರೀಂ ಕೋರ್ಟ್ ಮತ್ತೆ ಹೇಳಿತು: ಜಾಮೀನು ಸಿಕ್ಕು 7 ದಿನವಾದರೂ ಬಿಡುಗಡೆ ಆಗದಿದ್ದರೆ ಜೈಲಿನವರು ಉಚಿತ ಕಾನೂನು ನೆರವು ಕೊಡಿಸೋ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು, ಸ್ಥಳೀಯ ಶ್ಯೂರಿಟಿಯೇ ಬೇಕು ಅಂತ ಹಟ ಹಿಡಿಯಬಾರದು ಅಂತ. ಆ ಆದೇಶ ಬಂದಾಗ ಈ ದಂಪತಿ ಒಳಗೇ ಇದ್ದರು. ಅಂಥದ್ದೊಂದು ಆದೇಶ ಇದೆ ಅಂತ ಜಡ್ಜ್ ಮುಂದೆ ಇಡೋಕೆ ಒಬ್ಬರು ಬೇಕಲ್ಲ. ನಾನು ಕೇಳ್ತಿರೋದು ಅಷ್ಟೇ, ಆ ಒಬ್ಬರನ್ನ.

ಹಾಗಂತ ಕಾನೂನಲ್ಲಿ ಅವಕಾಶ ಇಲ್ವಾ? ಇದೆ. ಇಲ್ಲೊಂದು ತಮಾಷೆ ಇದೆ ಕೇಳಿ. ಅಮೆರಿಕದ ಇಮಿಗ್ರೇಷನ್ ಕೋರ್ಟಲ್ಲಿ ದುಡ್ಡಿಲ್ಲದವರಿಗೆ ಸರ್ಕಾರ ತನ್ನ ಖರ್ಚಲ್ಲಿ ವಕೀಲರನ್ನ ಕೊಡಲೇಬೇಕು ಅಂತಿಲ್ಲ. ಚಿಕ್ಕ ಮಕ್ಕಳೂ ವಕೀಲರಿಲ್ಲದೆ ಜಡ್ಜ್ ಮುಂದೆ ನಿಂತಿದ್ದಾರೆ. ಆ ಜಾಗ ತುಂಬೋಕೆ ಅಲ್ಲಿ ಚರ್ಚುಗಳು, ಲಾ ಕಾಲೇಜಿನ ಕ್ಲಿನಿಕ್‌ಗಳು, ಸೇವಾ ಸಂಸ್ಥೆಗಳು ಬೆಳೆದವು. ಎಷ್ಟರಮಟ್ಟಿಗೆ ಅಂದರೆ, ವಕೀಲರಲ್ಲದವರೂ ಇಂಥ ಸಂಸ್ಥೆಗಳ ಮೂಲಕ ಅಲ್ಲಿನ ನ್ಯಾಯ ಇಲಾಖೆಯ ಮಾನ್ಯತೆ ಪಡೆದು ವಲಸಿಗರ ಪರ ನಿಲ್ಲಬಹುದು. ನಮ್ಮಲ್ಲಿ ಉಲ್ಟಾ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ, 12ನೇ ಸೆಕ್ಷನ್ ತೆಗೆದು ನೋಡಿ. ಹೆಂಗಸರಿಗೆ, ಮಕ್ಕಳಿಗೆ, ಬಂಧನದಲ್ಲಿರೋರಿಗೆ ಉಚಿತ ಕಾನೂನು ನೆರವು. ಆದಾಯ ಎಷ್ಟು ಅಂತಲೂ ಕೇಳಲ್ಲ. ನೀನು ಯಾವ ದೇಶದವನು ಅನ್ನೋ ಪ್ರಶ್ನೆಯೂ ಅಲ್ಲಿಲ್ಲ. ಹಕ್ಕು ಪುಸ್ತಕದಲ್ಲಿ ಭದ್ರವಾಗಿದೆ, ಅದನ್ನ ತೂಬರಹಳ್ಳಿ ಶೆಡ್ಡಿನವರೆಗೆ ಹೊತ್ಕೊಂಡು ಹೋಗೋರಿಲ್ಲ.

ಹೋದರೆ ಮಾಡೋ ಕೆಲಸ ಏನು? ಸಿನಿಮಾದ ಥರ ಕೋರ್ಟಲ್ಲಿ ಗುಡುಗೋದಲ್ಲ. ಒಂದು ಪ್ಲಾಸ್ಟಿಕ್ ಕವರು ಬಿಚ್ಚೋದು. ಎಲ್ಲ ಶೆಡ್ಡಲ್ಲೂ ಅಂಥದ್ದೊಂದು ಕವರ್ ಇರುತ್ತೆ. ಮಳೆಗೆ ನೆನೆಯದ ಹಾಗೆ ಎರಡು ಸುತ್ತು ಸುತ್ತಿ, ಸೂರಿನ ಗಳಕ್ಕೆ ಸಿಕ್ಕಿಸಿರ್ತಾರೆ. ಒಳಗೆ ಆಧಾರ್ ಜೆರಾಕ್ಸು, ವೋಟರ್ ಕಾರ್ಡು, ಪಂಚಾಯ್ತಿ ಪ್ರಧಾನರ ಪತ್ರ, ಮಗುವಿನ ಲಸಿಕೆ ಕಾರ್ಡು. ಒಂದರಲ್ಲಿ ಹೆಸರು ಖಾತೂನ್, ಇನ್ನೊಂದರಲ್ಲಿ ಬೀಬಿ. ಮದುವೆಗೆ ಮುಂಚೆ ಖಾತೂನ್, ಆಮೇಲೆ ಬೀಬಿ, ಬಂಗಾಳದ ಹಳ್ಳಿಗಳ ಮುಸ್ಲಿಂ ಮನೆಗಳಲ್ಲಿ ಇದು ಮಾಮೂಲು. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಲ್ಲಿ ಎರಡು ಇನಿಷಿಯಲ್ಲು, ಪಾಸ್‌ಪೋರ್ಟಲ್ಲಿ ಊರಿನ ಹೆಸರೂ ಅಪ್ಪನ ಹೆಸರೂ ಬಿಡಿಸಿ ಬರೆದು ಪೇಚಾಡಲ್ವಾ, ಹಾಗೇನೇ. ನಾವು ಅಫಿಡವಿಟ್ ಮಾಡಿಸಿ ಬಚಾವಾಗ್ತೀವಿ. ಅವರಿಗೆ ಅದೇ ವ್ಯತ್ಯಾಸ ಅನುಮಾನಕ್ಕೆ ಕಾರಣ ಆಗುತ್ತೆ.

ವಿದೇಶಿ ಅಲ್ಲ ಅಂತ ತೋರಿಸೋ ಹೊಣೆ ಸಿಕ್ಕಿಬಿದ್ದವನ ಮೇಲೇ ಇದೆ. 1946ರ ವಿದೇಶಿಯರ ಕಾಯ್ದೆಯಲ್ಲಿ ಹಾಗಿತ್ತು. ಅದರ ಜಾಗಕ್ಕೆ 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ಹೊಸ ವಲಸೆ ಮತ್ತು ವಿದೇಶಿಯರ ಕಾಯ್ದೆಯಲ್ಲೂ ಹಾಗೇ ಉಳಿದಿದೆ. ಪಾಸ್‌ಪೋರ್ಟ್ ಇಲ್ಲದೆ ಒಳಗೆ ಬಂದರೆ 5 ವರ್ಷದವರೆಗೆ ಜೈಲು, 5 ಲಕ್ಷದವರೆಗೆ ದಂಡ. ಆದರೆ 2024ರ ಜುಲೈನಲ್ಲಿ ಅಸ್ಸಾಮಿನ ಒಂದು ಕೇಸಲ್ಲಿ ಸುಪ್ರೀಂ ಕೋರ್ಟ್ ಎರಡು ಮಾತು ಹೇಳಿದೆ. ಅನುಮಾನಕ್ಕೆ ಆಧಾರ ಏನು ಅನ್ನೋದನ್ನ ಮೊದಲು ಸರ್ಕಾರ ಮುಂದಿಡಬೇಕು. ಹೆಸರಿನ ಸ್ಪೆಲ್ಲಿಂಗು, ತಾರೀಕಿನ ಸಣ್ಣಪುಟ್ಟ ವ್ಯತ್ಯಾಸ ಇಟ್ಕೊಂಡು ಪೌರತ್ವ ಕಿತ್ಕೋಬಾರದು. ಆ ಮನುಷ್ಯ ಭಾರತೀಯನೇ ಅಂತ ತೀರ್ಪಾಯ್ತು. ಅಷ್ಟೊತ್ತಿಗೆ ಅವನು ತೀರಿಕೊಂಡು ಎರಡು ವರ್ಷದ ಮೇಲಾಗಿತ್ತು.

ಇದೆಲ್ಲ ಬಂಗಾಳದವರ ತಲೆನೋವು ಅಂತ ಅನ್ಕೊಂಡಿದ್ದರೆ, 2020ರ ಜನವರಿಗೆ ಹೋಗಿ. ಬೆಳ್ಳಂದೂರು ಹತ್ತಿರ ಕರಿಯಮ್ಮನ ಅಗ್ರಹಾರ. ಬಾಂಗ್ಲಾದೇಶದವರ ಅಡ್ಡಾ ಅಂತ ಒಂದು ವಿಡಿಯೋ ಓಡಾಡಿತು, ಜೆಸಿಬಿ ಬಂತು, ಶೆಡ್ಡುಗಳು ನೆಲಸಮ. ಬೀದಿಗೆ ಬಿದ್ದವರಲ್ಲಿ ಅಸ್ಸಾಂ, ತ್ರಿಪುರಾದವರ ಜೊತೆಗೆ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ಅಚ್ಚ ಕನ್ನಡದಲ್ಲಿ ಅತ್ಕೊಂಡು ಟಿವಿ ಮುಂದೆ ಆಧಾರ್ ತೋರಿಸಿದರು. ಹೈಕೋರ್ಟಿಗೆ ಹೋಗಿದ್ದು ನಾಗರಿಕ ಹಕ್ಕುಗಳ ಸಂಸ್ಥೆ ಪಿಯುಸಿಎಲ್. ಮುಖ್ಯ ನ್ಯಾಯಮೂರ್ತಿ ಎ.ಎಸ್. ಓಕಾ ಅವರ ಪೀಠ ತಡೆ ಕೊಟ್ಟಿತು. ಆ ಸಂಸ್ಥೆ ಮೇಲೆ ಹತ್ತು ತಕರಾರು ಇರೋರೂ ಒಪ್ಪಬೇಕು, ಆವತ್ತು ನಮ್ಮ ಉತ್ತರ ಕರ್ನಾಟಕದ ಕೂಲಿಗಳ ಪರ ಕೋರ್ಟಿಗೆ ಓಡಿದ್ದು ಅದು.

ಈ ಕಥೆ ಹೇಳಿದರೆ ಎಲ್ಲರೂ ಛೆ ಛೆ ಅಂತಾರೆ, ನಮ್ಮವರು ಅಂತ. ಅಷ್ಟಕ್ಕೇ ನಿಲ್ಲಿಸಿದರೆ ನಾನು ಅರ್ಧ ಮಾತ್ರ ಹೇಳಿದ ಹಾಗಾಯ್ತು. ನಿಜವಾಗಿ ಹೊರದೇಶದವನೇ ಆಗಿದ್ದರೆ? ಅವನಿಗೂ ವಕೀಲ ಬೇಕು. ಹೇಳಬೇಕು ಅಂದರೆ ಅವನಿಗೇ ಜಾಸ್ತಿ ಬೇಕು.

ಯಾಕಂದರೆ ನಿರಾಶ್ರಿತರಿಗೆ ಅಂತ ನಮ್ಮಲ್ಲಿ ಪ್ರತ್ಯೇಕ ಕಾನೂನೇ ಇಲ್ಲ. 1951ರ ವಿಶ್ವಸಂಸ್ಥೆ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ಆಫ್ಘನ್ನರೋ, ಮ್ಯಾನ್ಮಾರಿನವರೋ ಜೀವ ಉಳಿಸಿಕೊಳ್ಳೋಕೆ ಬಂದರೆ ದೆಹಲಿಯಲ್ಲಿರೋ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಯುಎನ್‌ಎಚ್‌ಸಿಆರ್ ಕಚೇರಿಯಲ್ಲಿ ನೋಂದಾಯಿಸಿ, ಸಂದರ್ಶನ ಕೊಟ್ಟು ಕಾರ್ಡ್ ತಗೋಬೇಕು. ಆ ಕಾರ್ಡು ವೀಸಾ ಅಲ್ಲ. ಸಂದರ್ಶನದಲ್ಲಿ ಊರಿಂದ ಓಡಿಬಂದ ಕಥೆಯನ್ನ ತಾರೀಕು ಸಮೇತ, ಹಿಂದುಮುಂದಾಗದ ಹಾಗೆ ಹೇಳಬೇಕು. ಕಣ್ಣೆದುರೇ ಮನೆ ಸುಟ್ಟಿದ್ದನ್ನ ನೋಡಿದವರಿಗೆ ತಾರೀಕು ನೆನಪಿರುತ್ತಾ? ಹೇಳಿಕೆ ತಯಾರಿಸೋಕೆ ಪಕ್ಕದಲ್ಲಿ ಕೂರೋರು ಬೇಕಾಗೋದು ಅಲ್ಲಿ. ಇನ್ನು ಕೇಸು ಬಿದ್ದು ಜಾಮೀನು ಸಿಕ್ಕಿತು ಅನ್ನಿ. ಎಷ್ಟೋ ವಿದೇಶಿಯರು ಮನೆಗೆ ಹೋಗಲ್ಲ, ನೆಲಮಂಗಲದ ಹತ್ತಿರ ಸೊಂಡೇಕೊಪ್ಪದ ಕೇಂದ್ರಕ್ಕೆ ಹೋಗ್ತಾರೆ. ಮುಂಚೆ ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್ ಆಗಿದ್ದ ಕಟ್ಟಡ. ಅಲ್ಲಿ ಎಷ್ಟು ದಿನ ಅನ್ನೋದಕ್ಕೆ ಶಿಕ್ಷೆಯ ಲೆಕ್ಕ ಇಲ್ಲ, ಅವರ ದೇಶದ ರಾಯಭಾರ ಕಚೇರಿ ಕಾಗದ ಕೊಡೋವರೆಗೆ. ಆ ಕಾಗದದ ಹಿಂದೆ ಬೀಳೋದೂ ವಕೀಲರ ಕೆಲಸವೇ. ವಾಪಸ್ ಕಳಿಸೋದೇ ಸರಿ ಅನ್ನೋರಿಗೂ ಇದು ಬೇಕು ಅಲ್ವಾ? 2021ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಮ್ಯಾನ್ಮಾರಿನಿಂದ ಬಂದ ರೊಹಿಂಗ್ಯಾಗಳ ಗಡೀಪಾರಿಗೆ ತಡೆ ಕೊಡಲಿಲ್ಲ, ಆದರೆ ವಿಧಿವತ್ತಾದ ಪ್ರಕ್ರಿಯೆ ಪಾಲಿಸದೆ ಕಳಿಸಬೇಡಿ ಅಂತ ಹೇಳಿತು. ಪಾಲಿಸಿದರಾ ಅಂತ ನೋಡೋರು ಯಾರು?

ಕರ್ನಾಟಕಕ್ಕೆ ಇದೆಲ್ಲ ಗೊತ್ತಿಲ್ಲದ್ದೇನಲ್ಲ. ಬೈಲಕುಪ್ಪೆಯಲ್ಲಿ ಟಿಬೆಟಿಯನ್ನರಿಗೆ ಜಾಗ ಕೊಟ್ಟಿದ್ದೀವಿ. ಸಿಂಧನೂರಿನ ಕ್ಯಾಂಪುಗಳಲ್ಲಿ ಬಂಗಾಳಿಗಳಿದ್ದಾರೆ, ಸುಳ್ಯ ಪುತ್ತೂರಿನ ರಬ್ಬರ್ ತೋಟಗಳಲ್ಲಿ ಶ್ರೀಲಂಕಾದಿಂದ ಬಂದ ತಮಿಳರಿದ್ದಾರೆ. ಜಾಗ ಕೊಟ್ಟ ಮೇಲೂ ಕಾಗದದ ಕಷ್ಟ ಮುಗಿಯಲ್ಲ. 1950ರ ಜನವರಿ 26ರಿಂದ 1987ರ ಜುಲೈ 1ರ ಮುಂಚೆ ಭಾರತದಲ್ಲೇ ಹುಟ್ಟಿದ ಟಿಬೆಟಿಯನ್ನರು ಹುಟ್ಟಿನಿಂದಲೇ ಭಾರತೀಯರು ಅಂತ ಹೇಳಿಸೋಕೆ 2010ರಲ್ಲಿ ದೆಹಲಿ ಹೈಕೋರ್ಟೇ ಬೇಕಾಯ್ತು. ಕಾಯ್ದೆಯಲ್ಲಿ ಅದು ಮೊದಲಿಂದಲೂ ಇತ್ತು.

ಇನ್ನು ದುಡ್ಡು. ಆಲ್ಟರ್ನೇಟಿವ್ ಲಾ ಫೋರಂ ಥರದ, 2000ದಿಂದ ಇಲ್ಲೇ ಕೆಲಸ ಮಾಡ್ತಿರೋ ಸಂಸ್ಥೆಗಳಿವೆ, ಲಾ ಕಾಲೇಜಿನ ಕ್ಲಿನಿಕ್‌ಗಳಿವೆ. ಊರಿನ ಅಳತೆಗೆ ಇದು ಏನೂ ಸಾಲದು. 2020ರಲ್ಲಿ ವಿದೇಶಿ ದೇಣಿಗೆಯ ಕಾನೂನು ಎಫ್‌ಸಿಆರ್‌ಎ ಬಿಗಿ ಮಾಡಿದ ಮೇಲೆ ವಿದೇಶಿ ದೇಣಿಗೆಯಲ್ಲಿ ಆಡಳಿತ ವೆಚ್ಚಕ್ಕೆ 20 ಪರ್ಸೆಂಟ್ ಮಿತಿ, ಒಂದು ಸಂಸ್ಥೆ ಇನ್ನೊಂದಕ್ಕೆ ಹಣ ದಾಟಿಸೋ ಹಾಗಿಲ್ಲ. ಹಾಗಾದರೆ ಇಲ್ಲಿನ ಹಣ? ಸಮಾಜದ ಕೆಲಸಕ್ಕೆ ಅಂತ ಕಂಪನಿಗಳು ತೆಗೆದಿಡೋ ಸಿಎಸ್‌ಆರ್ ದುಡ್ಡು ಕೆರೆಗೆ ಹೋಗುತ್ತೆ, ಶಾಲೆಗೆ ಹೋಗುತ್ತೆ, ಒಳ್ಳೇದೇ. ವಲಸಿಗರ ಕೇಸಿಗೆ ಅಂದರೆ ಫೈಲು ಮೇಲೇಳಲ್ಲ. ತಮ್ಮ ಎಂಜಿನಿಯರಿನ ವೀಸಾಕ್ಕೆ ವಕೀಲರನ್ನ ಇಡೋ ಕಂಪನಿ, ತಮ್ಮ ಕ್ಯಾಂಪಸ್ಸಿನ ಕಸ ಎತ್ತೋರಿಗೆ ವರ್ಷಕ್ಕೊಂದು ದಾಖಲೆ ಶಿಬಿರ ನಡೆಸಿದರೆ ಏನು ಮುಳುಗಿಹೋಗುತ್ತೆ ಅಂತ ನನಗೆ ಅರ್ಥ ಆಗಿಲ್ಲ.

ನಮ್ಮ ಬಡವರಿಗೇ ವಕೀಲರು ಸಿಗ್ತಿಲ್ಲ, ಇವರಿಗ್ಯಾಕೆ ಅಂತ ಕೇಳೋರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ನಾನು ಕೇಳ್ತಿರೋದು ಹೊಸ ಇಲಾಖೆ ಅಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರೆ ಕಾನೂನು ಸ್ವಯಂಸೇವಕರು, ಅಂದರೆ ವಕೀಲರಲ್ಲದಿದ್ದರೂ ಕಾನೂನು ನೆರವಿಗೆ ನಿಲ್ಲೋರು ಈಗಾಗಲೇ ಇದ್ದಾರೆ. ಅವರಲ್ಲಿ ನಾಲ್ಕು ಜನ ಬಂಗಾಳಿ ಬಲ್ಲವರನ್ನ ಸೇರಿಸಿ. ವೈಟ್‌ಫೀಲ್ಡ್, ಬೆಳ್ಳಂದೂರು ಕಡೆಯ ಠಾಣೆಗಳಲ್ಲಿ ಅವರ ನಂಬರ್ ಗೋಡೆ ಮೇಲೆ ಬರೆಸಿ. ಹಿಡಿದ ದಿನವೇ ಅವರಿಗೆ ಫೋನ್ ಹೋಗಬೇಕು. ತಿಂಗಳಾದ ಮೇಲೆ ಬರೋ ವಕೀಲರು ಆ ಹೊತ್ತಿಗಾಗಲೇ ಬರೆದಾಗಿರೋ ಹೇಳಿಕೆ ಜೊತೆ ಗುದ್ದಾಡಬೇಕಾಗುತ್ತೆ.

ಅದು ಆಗೋವರೆಗೆ, ನಿಮ್ಮ ಅಪಾರ್ಟ್‌ಮೆಂಟಿಗೆ ಕಸಕ್ಕೆ ಬರೋರನ್ನೋ, ಮನೆಗೆಲಸದವರನ್ನೋ ಕರ್ಕೊಂಡು ಹೋದರು ಅಂತ ಗೊತ್ತಾದರೆ ಮೊದಲು ಯಾವ ಠಾಣೆ, ಎಷ್ಟು ಗಂಟೆಗೆ ಅಂತ ಬರ್ಕೊಳ್ಳಿ. ಬಂಧಿಸಿದ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು, ಅದಕ್ಕೆ ಗಂಟೆ ಮುಖ್ಯ. 15100ಕ್ಕೆ ಫೋನ್ ಮಾಡಿ, ಅದು ಕಾನೂನು ಸೇವಾ ಪ್ರಾಧಿಕಾರದ ಸಹಾಯವಾಣಿ. ರಾಜ್ಯ ಪ್ರಾಧಿಕಾರದ ಕಚೇರಿ ಎಚ್. ಸಿದ್ದಯ್ಯ ರಸ್ತೆಯ ನ್ಯಾಯ ದೇಗುಲ ಕಟ್ಟಡದಲ್ಲಿದೆ, ನೇರವಾಗಿ ಹೋಗಿ ಕೇಳಬಹುದು. ಮನೆಯವರ ಹತ್ತಿರ ಇರೋ ಕಾಗದಗಳನ್ನೆಲ್ಲ ಫೋಟೋ ತೆಗೆದು ನಿಮ್ಮ ಫೋನಲ್ಲೂ ಇಟ್ಕೊಳ್ಳಿ. ಠಾಣೆಗೆ ಜೆರಾಕ್ಸ್ ಕೊಡಲಿ. ಒರಿಜಿನಲ್ಲೇ ಬೇಕು ಅಂದರೆ, ಯಾವ್ಯಾವುದು ತಗೊಂಡ್ವಿ ಅಂತ ಬರೆಸಿ, ಸಹಿ ಸೀಲು ಹಾಕಿಸ್ಕೊಂಡೇ ಕೊಡಲಿ.