ಬೆಂಗಳೂರಿನ ಬಚ್ಚಲ ನೀರು ಕೋಲಾರದ ಕೆರೆಗೆ ಸೇರುವುದು ಹೇಗೆ?

ನಮಸ್ಕಾರ. ನಮ್ಮ ವಿಡಿಯೋ ನೋಡುವವರೊಬ್ಬರು ಒಳ್ಳೆಯ ಪ್ರಶ್ನೆ ಕೇಳಿದ್ದರು. ಬೆಂಗಳೂರಿಗೆ ಕಾವೇರಿ ಬರುವುದು ಎಲ್ಲರಿಗೂ ಗೊತ್ತು. ಬಳಸಿದ ಮೇಲೆ ಆ ನೀರು ಎಲ್ಲಿಗೆ ಹೋಗುತ್ತದೆ?

ಬರುವ ದಾರಿಯನ್ನು ಬೇಗ ಹೇಳಿಬಿಡುತ್ತೇನೆ. ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿ.ಮೀ. ದೂರ, ಹತ್ತಿರ ಹತ್ತಿರ ಅರ್ಧ ಕಿ.ಮೀ. ಎತ್ತರಕ್ಕೆ ಪಂಪ್ ಮಾಡಿ ತರುತ್ತಾರೆ. 2024ರ ಅಕ್ಟೋಬರಿನಲ್ಲಿ ಶುರುವಾದ ಕಾವೇರಿ ಯೋಜನೆಯ ಐದನೇ ಹಂತವೊಂದೇ ದಿನಕ್ಕೆ 77.5 ಕೋಟಿ ಲೀಟರಿನದು. ಮನೆಗೆ ಬಂದ ನೀರಿನಲ್ಲಿ ಶೇ 80ರಷ್ಟು ಚರಂಡಿ ಸೇರುತ್ತದೆ ಅನ್ನುವುದು ಎಂಜಿನಿಯರುಗಳ ಲೆಕ್ಕ. ಅಂದರೆ ಇದೂ ಒಂದು ಹೊಳೆಯೇ, ಅಲ್ವಾ?

(ತೆರೆಯ ಮೇಲೆ: ಬೆಂಗಳೂರಿನ ಏರುತಗ್ಗಿನ ನಕ್ಷೆ)

ಬೆಂಗಳೂರು ದಿಣ್ಣೆಯ ನೆತ್ತಿಯ ಮೇಲೆ ಕೂತ ಊರು. ಹಂಚಿನ ಮನೆಯ ಸೂರಿನ ಮೇಲೆ ಬಿದ್ದ ಮಳೆ ಎರಡು ಕಡೆ ಇಳಿಯುವ ಹಾಗೆ ಇಲ್ಲಿಯ ನೀರೂ ಇಳಿಯುತ್ತದೆ. ಪಶ್ಚಿಮದ ಕಡೆ ವೃಷಭಾವತಿ, ಅರ್ಕಾವತಿ, ಕೊನೆಗೆ ಕಾವೇರಿ. ಪೂರ್ವದ ಕಡೆ ಹೆಬ್ಬಾಳ ಮತ್ತು ಕೋರಮಂಗಲ-ಚಲ್ಲಘಟ್ಟ ಕಣಿವೆಗಳು, ಅಲ್ಲಿಂದ ದಕ್ಷಿಣ ಪಿನಾಕಿನಿ, ಆಮೇಲೆ ತಮಿಳುನಾಡು.

ಊರ ಪಕ್ಕ ದೊಡ್ಡ ನದಿ ಇಲ್ಲ. ಅದಕ್ಕೇ ಹಳಬರು ಇಳಿಜಾರಿನುದ್ದಕ್ಕೂ ಏರಿ ಕಟ್ಟಿ ಕೆರೆ ಮಾಡಿದರು. ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ರಾಜಕಾಲುವೆ ಹಿಡಿದು ಕೆಳಗಿನ ಕೆರೆಗೆ. ಅದು ತುಂಬಿದರೆ ಅದರ ಕೆಳಗಿನದಕ್ಕೆ. ಇದು ಸುಮ್ನೆ ಕೆರೆಗಳ ಗುಂಪಲ್ಲ, ಒಂದಕ್ಕೊಂದು ಕೊಂಡಿ ಹಾಕಿದ ಸರಪಳಿ. ಊರು ಬೆಳೆದಾಗ ನಾವು ಅದೇ ರಾಜಕಾಲುವೆಗೆ ಕೊಳಚೆ ಬಿಟ್ಟೆವು. 2017ರಲ್ಲಿ ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದದ್ದು ನಿಮಗೆ ನೆನಪಿರಬೇಕು.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿ ಒಂದೂ ಇಲ್ಲ. ಬೋರ್‌ವೆಲ್ ಸಾವಿರ ಅಡಿ ದಾಟಿದರೂ ನೀರು ಸಿಗದ ಊರುಗಳು ಅಲ್ಲಿವೆ. ಆದರೆ ಹಳೆಯ ಕೆರೆಗಳು ಮಾತ್ರ ಬೇಕಾದಷ್ಟಿವೆ. ಕೆ.ಸಿ. ವ್ಯಾಲಿ (ಅಂದರೆ ಆಗ ಹೇಳಿದ ಕೋರಮಂಗಲ-ಚಲ್ಲಘಟ್ಟ ಕಣಿವೆ) ಯೋಜನೆಯವರು ಬೆಂಗಳೂರಿನ ಕೊಳಚೆ ನೀರನ್ನು ಎರಡು ಹಂತ ಶುದ್ಧ ಮಾಡಿ, ಪೈಪಿನಲ್ಲಿ ಅಲ್ಲಿಗೆ ಕಳಿಸಿದರು. 2018ರ ಜೂನ್‌ನಲ್ಲಿ ಮೊದಲು ನೀರು ಕಂಡದ್ದು ಲಕ್ಷ್ಮೀಸಾಗರ ಕೆರೆ. ಅದು ತುಂಬಿ ಕೋಡಿ ಬಿತ್ತು. ನೀರು ಹಳೆಯ ಕಾಲುವೆಯ ದಾರಿ ಹಿಡಿದು ಮುಂದಿನ ಕೆರೆಗೆ ಇಳಿಯಿತು, ಹಾಗೇ ನರಸಾಪುರದ ಕಡೆಗೂ ಹೋಯಿತು. ಯೋಚಿಸಿ ನೋಡಿ. 126 ಕೆರೆಗಳ ಯೋಜನೆ ಇದು. ಒಂದೊಂದಕ್ಕೂ ಬೇರೆ ಪೈಪ್ ಎಳೆಯಬೇಕಾಗಿದ್ದರೆ ಖರ್ಚು ಎಷ್ಟಾಗುತ್ತಿತ್ತು! ಎತ್ತರ ಅಡ್ಡ ಬಂದ ಕಡೆ ಪಂಪ್ ಬೇಕು, ನಿಜ. ಉಳಿದ ಕೆಲಸವನ್ನು ಯಾವ ಕಾಲದಲ್ಲೋ ಯಾರೋ ಇಳಿಜಾರು ನೋಡಿ ಕಟ್ಟಿದ ಏರಿಗಳೇ ಮಾಡುತ್ತಿವೆ. ನಗರ ಯೋಜನೆ ಅಂದರೆ ಇದು ಅಂತ ನನಗನ್ನಿಸುತ್ತದೆ.

ಆದರೆ ಒಂದು ಮಾತು ಖಂಡಿತವಾಗಿ ಹೇಳಬೇಕು. ಎರಡು ಹಂತದ ಮೇಲೂ ಉಳಿದ ಕೊಳೆ ತೆಗೆಯುವ ಮೂರನೇ ಹಂತದ ಶುದ್ಧೀಕರಣವೂ ಆಗಬೇಕು ಅಂತ ಕೋಲಾರದ ಜನ ಮೊದಲಿನಿಂದ ಕೇಳುತ್ತಿದ್ದಾರೆ. ಕೆರೆಯ ನೀರು ಇಂಗಿ ಬಾವಿ, ಬೋರ್‌ವೆಲ್‌ಗೆ ಸೇರುತ್ತದೆ, ಜನ ಅದನ್ನೇ ಕುಡಿಯುತ್ತಾರೆ. ಅವರು ಕೇಳುತ್ತಿರುವುದು ನ್ಯಾಯ. ನಮ್ಮ ಕೊಳಚೆಯನ್ನು ಪೂರ್ತಿ ತೊಳೆದು ಕೊಡುವ ಖರ್ಚು ಬೆಂಗಳೂರಿನದೇ ಆಗಬೇಕು.

ಟೈಮ್ ಕಡಿಮೆ ಇದೆ, ಉಳಿದದ್ದನ್ನು ಒಟ್ಟಿಗೆ ಹೇಳುತ್ತೇನೆ. ಹೆಬ್ಬಾಳ-ನಾಗವಾರ ಕಣಿವೆಯ ನೀರು ಇದೇ ರೀತಿ ಚಿಕ್ಕಬಳ್ಳಾಪುರದ ಕಡೆ ಹೋಗುತ್ತದೆ. ಜಕ್ಕೂರಿನಲ್ಲಿ ಶುದ್ಧ ಮಾಡಿದ ನೀರು ಜೊಂಡು ಬೆಳೆದ ಜೌಗಿನ ಮೂಲಕ ಹಾದು, ಊರೊಳಗಿನ ಕೆರೆಗೇ ಸೇರುತ್ತದೆ. ಇಂಥ ಚಿಕ್ಕ ಶುದ್ಧೀಕರಣ ಘಟಕಗಳು ಪ್ರತಿ ಕೆರೆಯ ತಲೆಯಲ್ಲೂ ಇದ್ದರೆ ಪಂಪಿನ ಕರೆಂಟು ಎಷ್ಟೋ ಉಳಿಯುತ್ತದೆ. 2024ರ ಮಾರ್ಚ್‌ನಲ್ಲಿ ಕಾರು ತೊಳೆಯಲು, ಕಟ್ಟಡ ಕಟ್ಟಲು ಕುಡಿಯುವ ನೀರು ಬಳಸಬಾರದು ಅಂತ ಜಲಮಂಡಳಿ ಆದೇಶ ಹೊರಡಿಸಿತು, ತಪ್ಪಿದರೆ 5,000 ರೂಪಾಯಿ ದಂಡ. ಅಂಥ ಕೆಲಸಕ್ಕೆ ಶುದ್ಧ ಮಾಡಿದ ಕೊಳಚೆ ನೀರೇ ಸಾಕು. ಬರ ಬಂದಾಗ ಮಾತ್ರ ಯಾಕೆ? ಈ ನಿಯಮ ಯಾವಾಗಲೂ ಇರಲಿ.

ವೃಷಭಾವತಿ ಕಡೆಯ ಕಥೆ ಇದರಲ್ಲಿ ಹಿಡಿಸಲಿಲ್ಲ. ಅದಕ್ಕೆ ಬೇರೆ ವಿಡಿಯೋ ಮಾಡುತ್ತೇನೆ. ಅಷ್ಟರಲ್ಲಿ ನಿಮ್ಮ ಮನೆಯ ನೀರು ಯಾವ ಕಣಿವೆಗೆ ಇಳಿಯುತ್ತದೆ ಅಂತ ಪತ್ತೆ ಮಾಡಿ ನನಗೆ ಬರೆದು ತಿಳಿಸಿ.